ಸಾಂಕ್ರಾಮಿಕದ ದಿನಗಳು ಕಲಿಸಿದ್ದರಲ್ಲಿ ಇಂದಿಗೂ ಉಳಿದಿರುವುದೇನು?

ಹಳೆಯ ಓದುಗ (ಚರ್ಚೆಯ ಆರಂಭ)

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದದ್ದು 2020ರ ಮಾರ್ಚ್ 11ರಂದು. ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಅದೇ ಸಂಸ್ಥೆ ಸಾರಿದ್ದು 2023ರ ಮೇ 5ರಂದು. ಈ ಎರಡು ದಿನಾಂಕಗಳ ನಡುವೆ ನಾವೆಲ್ಲರೂ ಒಬ್ಬರಿಗೊಬ್ಬರು ಹೇಳಿಕೊಂಡ ಒಳ್ಳೆಯ ಮಾತುಗಳಿಗೆ ಲೆಕ್ಕವಿಲ್ಲ. ಕುಟುಂಬದ ಬೆಲೆ ತಿಳಿಯಿತು, ನಿಧಾನವಾಗಿ ಬದುಕುವುದನ್ನು ಕಲಿತೆವು, ನಮ್ಮ ಅಗತ್ಯಗಳು ಎಷ್ಟು ಕಡಿಮೆಯೆಂಬುದು ಅರಿವಾಯಿತು ಎಂಬಂಥ ಸಾಲುಗಳು ಕಣ್ಣಿಗೆ ಬೀಳದ ದಿನವೇ ಇರಲಿಲ್ಲ. ಆ ಮಾತುಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಹೆದರಿಕೆಯ ಕಾಲದಲ್ಲಿ ಅವೂ ಒಂದು ಆಸರೆಯಾಗಿದ್ದವು. ಆದರೆ ಬೀಗಗಳು ತೆರೆದು ರಸ್ತೆಗಳು ಮತ್ತೆ ತುಂಬಿದ ಮೇಲೆ ಅವುಗಳಲ್ಲಿ ಎಷ್ಟು ಉಳಿದವು ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಆದ್ದರಿಂದ ಒಂದು ಕೋರಿಕೆ. ಆಗ ಏನು ಅನ್ನಿಸಿತು ಎಂಬುದನ್ನು ಬಿಟ್ಟು, ಈಗಲೂ ನೀವು ಏನನ್ನು ಮಾಡುತ್ತಿದ್ದೀರಿ ಎಂಬುದನ್ನು ಬರೆಯಿರಿ. ಅದು ದಿನನಿತ್ಯದ ಸಂಗತಿಯಾಗಿರಲಿ, ಎಷ್ಟು ಸಣ್ಣದಾದರೂ ಆಗಬಹುದು.

ನನ್ನದು ಇಷ್ಟೇ: ಜ್ವರವೋ ಕೆಮ್ಮೋ ಇದ್ದಾಗ ನಾನು ಜನರ ನಡುವೆ ಹೋಗುವುದಿಲ್ಲ; ಹೋಗಲೇಬೇಕಾದರೆ ಮಾಸ್ಕ್ ಹಾಕಿಕೊಳ್ಳುತ್ತೇನೆ. ಮೊದಲೆಲ್ಲ ಮೈ ಸುಡುತ್ತಿದ್ದರೂ ಕೆಲಸಕ್ಕೆ ಹಾಜರಾಗುವುದನ್ನು ಕರ್ತವ್ಯನಿಷ್ಠೆಯೆಂದು ಹೊಗಳುತ್ತಿದ್ದೆವು. ಪಕ್ಕದಲ್ಲಿ ಕುಳಿತವರ ಮನೆಯಲ್ಲಿ ಯಾರಿದ್ದಾರೆ, ಅವರ ಶ್ವಾಸಕೋಶದ ಸ್ಥಿತಿ ಏನು ಎಂದು ಕೇಳಿದವರೇ ಇರಲಿಲ್ಲ. ಜನ ದೂರವಿದ್ದು, ಮಾಸ್ಕ್ ಧರಿಸಿ, ಪ್ರಯಾಣ ನಿಲ್ಲಿಸಿದ ಆ ಅವಧಿಯಲ್ಲಿ ಫ್ಲೂ ಜ್ವರವೂ ಅನೇಕ ದೇಶಗಳಲ್ಲಿ ಹೆಚ್ಚುಕಡಿಮೆ ಮಾಯವಾಗಿತ್ತು. ಇನ್‌ಫ್ಲುಯೆಂಜಾ ಬಿ ವೈರಸ್ಸಿನ ಯಮಗಾಟಾ ಎಂಬ ಒಂದು ಶಾಖೆಯಂತೂ 2020ರ ಮಾರ್ಚ್ ನಂತರ ಕಾಣಿಸಿಕೊಂಡದ್ದು ಎಲ್ಲಿಯೂ ದೃಢಪಟ್ಟಿಲ್ಲ. ಯಾರೂ ಅದನ್ನು ಗುರಿಯಿಟ್ಟು ಹೊಡೆದವರಲ್ಲ. ನಮ್ಮ ಸಾಮಾನ್ಯ ಓಡಾಟವೇ ಅದರ ಜೀವಾಳವಾಗಿತ್ತು ಎಂಬುದು ಗೊತ್ತಾದ ಮೇಲೆ, ಕೆಮ್ಮುತ್ತಾ ಸಭೆಯಲ್ಲಿ ಕೂರುವುದು ನನಗೆ ಸಾಧ್ಯವಾಗುತ್ತಿಲ್ಲ.

ರಾತ್ರಿಪಾಳಿ

ಪ್ರಶ್ನೆಯನ್ನು ಎಚ್ಚರದಿಂದ ಕೇಳಿದ್ದೀರಿ, ಆದ್ದರಿಂದಲೇ ಉತ್ತರಿಸುತ್ತಿದ್ದೇನೆ. ಆ ವರ್ಷಗಳನ್ನು ನಾನು ವಾರ್ಡಿನಲ್ಲಿ ನರ್ಸ್ ಆಗಿ ಕಳೆದವಳು. ಸಾಂಕ್ರಾಮಿಕ ನಮಗೆ ಪಾಠ ಕಲಿಸಲೆಂದೇ ಬಂತು ಎಂಬ ಧಾಟಿಯ ಮಾತು ಕೇಳಿದರೆ ಇಂದಿಗೂ ಎದ್ದುಹೋಗಬೇಕೆನಿಸುತ್ತದೆ. ವೈರಸ್ಸಿಗೆ ಅಂಥ ಯಾವ ಉದ್ದೇಶವೂ ಇರಲಿಲ್ಲ. ಕಲಿತವರು ಇದ್ದರೆ ಅದು ಅವರ ಗಮನದ ಫಲವೇ ಹೊರತು ರೋಗದ ಔದಾರ್ಯವಲ್ಲ.

ಇಷ್ಟು ಹೇಳಿದ ಮೇಲೆ, ನನ್ನಲ್ಲಿ ಉಳಿದಿರುವುದನ್ನು ಹೇಳುತ್ತೇನೆ. ಮೈತುಂಬ ರಕ್ಷಣಾ ಉಡುಪು, ಎರಡು ಪದರ ಕೈಗವಸು, ಉಸಿರಿನ ಹಬೆಯಿಂದ ಮಸುಕಾಗುವ ಕನ್ನಡಕ ಇವುಗಳೊಳಗೆ ನಾವೆಲ್ಲರೂ ಒಂದೇ ರೀತಿ ಕಾಣುತ್ತಿದ್ದೆವು. ರೋಗಿಗೆ ಎದುರು ನಿಂತವರು ವೈದ್ಯರೋ, ನರ್ಸೋ, ನೆಲ ಒರೆಸುವವರೋ ತಿಳಿಯುತ್ತಿರಲಿಲ್ಲ. ಆಗ ನಾವು ಉಡುಪಿನ ಎದೆಯ ಮೇಲೆ ಮಾರ್ಕರಿನಿಂದ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆದುಕೊಳ್ಳತೊಡಗಿದೆವು. ಹಾಸಿಗೆಯ ಬಳಿ ಹೋದ ಕೂಡಲೇ ಹೆಸರು ಹೇಳಿ, ಈಗ ಏನು ಮಾಡಲಿದ್ದೇನೆ, ಅದು ನೋಯುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಸಿ, ಆಮೇಲೆ ಕೈ ಹಚ್ಚುವ ರೂಢಿ ಬಂತು. ರಕ್ತದ ಆಮ್ಲಜನಕವನ್ನು ಅಳೆಯಲು ರೋಗಿಯ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನ ಅಂಕಿ ಎಷ್ಟೇ ಇರಲಿ, ಹೆಸರು ಕೇಳಿದ ಮೇಲೆ ಆ ಕಣ್ಣುಗಳ ಗಾಬರಿ ಒಂದು ಹದಕ್ಕೆ ಬರುವುದನ್ನು ನಾವೆಲ್ಲರೂ ಕಂಡೆವು. ಈಗ ಆ ಉಡುಪಿಲ್ಲ, ಮುಖ ಕಾಣುತ್ತದೆ. ಆದರೂ ಹೆಸರು ಹೇಳದೆ ನಾನು ಯಾರ ತೋಳಿಗೂ ಸೂಜಿ ಚುಚ್ಚಿಲ್ಲ.

(ಆಕ್ಸಿಮೀಟರಿನ ಮಾತು ಬಂದದ್ದರಿಂದ ಇದೂ ಇರಲಿ: ಅದರ ತತ್ತ್ವವನ್ನು 1970ರ ದಶಕದಲ್ಲಿ ರೂಪಿಸಿದ ಜಪಾನಿನ ಎಂಜಿನಿಯರ್ ತಕುವೊ ಅಯೋಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಅಂದರೆ ಅವರ ಉಪಕರಣ ಮನೆಮನೆಯ ವಸ್ತುವಾಗುತ್ತಿದ್ದ ಹೊತ್ತಿನಲ್ಲಿ.)

ಕೈತೊಳೆಯುವುದರ ಬಗ್ಗೆ ಒಂದು ಮಾತು. ಸಾಬೂನು ಈ ವೈರಸ್ಸಿನ ಹೊರಗಿನ ಕೊಬ್ಬಿನ ಪೊರೆಯನ್ನು ಒಡೆಯುತ್ತದೆ, ಇಪ್ಪತ್ತು ಸೆಕೆಂಡು ಉಜ್ಜಬೇಕು ಎಂಬುದನ್ನು ಆಗ ಮಕ್ಕಳೂ ಹೇಳುತ್ತಿದ್ದರು. ಆದರೆ ತಿಳಿವಳಿಕೆಯೊಂದೇ ಸಾಲದು ಎಂಬುದಕ್ಕೆ ನಮ್ಮ ವೃತ್ತಿಯ ಇತಿಹಾಸವೇ ಸಾಕ್ಷಿ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅವರು ವೈದ್ಯರು ಕ್ಲೋರಿನ್ ಬೆರೆತ ದ್ರಾವಣದಲ್ಲಿ ಕೈ ತೊಳೆದೇ ಹೆರಿಗೆ ಕೋಣೆಗೆ ಬರಬೇಕೆಂದು ವಿಧಿಸಿದಾಗ ಬಾಣಂತಿಯರ ಸಾವುಗಳು ಎದ್ದುಕಾಣುವಷ್ಟು ಇಳಿದವು. ಆದರೂ ಅವರ ಸಹೋದ್ಯೋಗಿಗಳಲ್ಲಿ ಅನೇಕರು ಒಪ್ಪಲಿಲ್ಲ. ನಮ್ಮ ವಾರ್ಡಿನಲ್ಲಿ ಇಂದಿಗೂ ಕೈ ಶುಚಿಯಾಗಿರುವುದು ಗೋಡೆಯ ಮೇಲಿನ ಸೂಚನಾ ಫಲಕಗಳಿಂದಲ್ಲ. ಸ್ಯಾನಿಟೈಸರ್ ಬಾಟಲಿಯನ್ನು ಆಗ ಪ್ರತಿ ಹಾಸಿಗೆಯ ಕಾಲಿನ ಬಳಿ ಕೈಗೆಟುಕುವಂತೆ ಕಟ್ಟಿದರು, ಅದನ್ನು ಯಾರೂ ಬಿಚ್ಚಲಿಲ್ಲ. ಉಳಿದ ಪಾಠಗಳೆಲ್ಲ ಹೀಗೆಯೇ ಎಲ್ಲೋ ಒಂದು ಕಡೆ ಕಟ್ಟಿಹಾಕಿದವುಗಳೇ ಇರಬೇಕು ಎಂಬುದು ನನ್ನ ಅನುಮಾನ.

ಅನುಮಾನಿ

ರಾತ್ರಿಪಾಳಿಯವರ ಕೊನೆಯ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಮತ್ತು ಅದರ ಆಧಾರದ ಮೇಲೆಯೇ ಈ ಚರ್ಚೆಯ ಶೀರ್ಷಿಕೆಯನ್ನು ಸ್ವಲ್ಪ ಶಂಕಿಸುತ್ತೇನೆ.

2020ರ ಮೊದಲ ತಿಂಗಳುಗಳಲ್ಲಿ ನ್ಯೂಟನ್ನನ ಕಥೆಯನ್ನು ಯಾರು ಕೇಳಲಿಲ್ಲ? 1665ರಲ್ಲಿ ಪ್ಲೇಗಿನಿಂದಾಗಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುಚ್ಚಿತು, ಆತ ವೂಲ್ಸ್‌ಥಾರ್ಪಿನ ತನ್ನ ಮನೆಗೆ ಮರಳಿದ, ಅಲ್ಲಿ ಕುಳಿತು ಗಣಿತ, ಬೆಳಕು, ಗುರುತ್ವಾಕರ್ಷಣೆಗಳ ಬಗ್ಗೆ ಮಹತ್ತರವಾದ ಚಿಂತನೆ ನಡೆಸಿದ. ಹಾಗಾದರೆ ನೀವೇಕೆ ಸುಮ್ಮನೆ ಕುಳಿತಿದ್ದೀರಿ ಎಂಬುದು ಆ ಕಥೆಯ ತಾತ್ಪರ್ಯವಾಗಿತ್ತು. ಅವನಿಗೆ ಆಗ ಇಪ್ಪತ್ತೆರಡು ಇಪ್ಪತ್ತಮೂರರ ಹರೆಯ, ಮದುವೆಯಿಲ್ಲ, ಮಕ್ಕಳಿಲ್ಲ, ಜಮೀನಿನ ಆದಾಯವಿದ್ದ ಮನೆ. ಅಡುಗೆ, ಬಟ್ಟೆ, ನೀರು ಯಾವುದೂ ಅವನ ತಲೆನೋವಾಗಿರಲಿಲ್ಲ ಎಂಬುದನ್ನು ಯಾರೂ ಸೇರಿಸಲಿಲ್ಲ. ಅದಕ್ಕೂ ಮಿಗಿಲಾಗಿ, ಪ್ಲೇಗ್ ಬರುವ ಮುನ್ನವೇ ಅವನು ಆ ಪ್ರಶ್ನೆಗಳ ಹಿಂದೆ ಬಿದ್ದಿದ್ದ.

ನಮಗೆ ಹೇಳಿದ ಎಷ್ಟೋ 'ಸಕಾರಾತ್ಮಕ ಪಾಠ'ಗಳ ಗುಟ್ಟು ಇದೇ. ಬಿಡುವು, ಕೋಣೆ, ಸಂಬಳ ಮೂರೂ ಇದ್ದವರು ಕಲಿತದ್ದನ್ನು ಮೂರೂ ಇಲ್ಲದವರಿಗೆ ಉಪದೇಶವಾಗಿ ಕೊಡಲಾಯಿತು. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆಗಳ ಪ್ರಮಾಣವು ಜಗತ್ತಿನಾದ್ಯಂತ ಶೇ 25ರಷ್ಟು ಏರಿತೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಆ ಹೊತ್ತಿನಲ್ಲಿ ದಿನಕ್ಕೊಂದು ಹೊಸ ಕೌಶಲ ಕಲಿಯಿರಿ ಎಂಬ ಸಲಹೆ ಎಷ್ಟು ಜನರ ಎದೆಯ ಮೇಲೆ ಇನ್ನೊಂದು ಕಲ್ಲನ್ನು ಹೇರಿತೋ ತಿಳಿಯದು.

ಹಾಗೆಂದು ನನ್ನ ಕೈ ಬರಿದಾಗಿಲ್ಲ. ಕೇಳಿದ್ದೀರಾದ್ದರಿಂದ ಹೇಳುತ್ತೇನೆ: ಆಹ್ವಾನಗಳಿಗೆ 'ಈ ಬಾರಿ ಆಗುವುದಿಲ್ಲ' ಎಂದು ನೆಪ ಹೂಡದೆ ಹೇಳುವುದನ್ನು ಕಲಿತೆ. ಅದಕ್ಕಿಂತ ದೊಡ್ಡದೇನೂ ಇಲ್ಲ.

ತುಟಿ ಓದುವವಳು

ನನಗೆ ಕಿವಿ ಬಹುಮಟ್ಟಿಗೆ ಕೇಳಿಸುವುದಿಲ್ಲ. ಎಲ್ಲರೂ ಮಾಸ್ಕ್ ಧರಿಸಿದ ದಿನ ನನ್ನ ಪಾಲಿಗೆ ಊರಿಗೆ ಊರೇ ಮೌನವಾಯಿತು. ಔಷಧದಂಗಡಿಯ ಗಾಜಿನ ಆಚೆ ನಿಂತವರು ಏನು ಕೇಳುತ್ತಿದ್ದಾರೆ, ಸಾಲಿನಲ್ಲಿ ಹಿಂದಿದ್ದವರು ಏಕೆ ಬೇಸರಗೊಂಡಿದ್ದಾರೆ ಎಂಬುದು ತಿಳಿಯುತ್ತಿರಲಿಲ್ಲ. ಮಾಸ್ಕ್ ತೆಗೆಯಿರಿ ಎಂದು ಕೇಳುವ ಹಾಗಿಲ್ಲ, ಕೇಳದೆ ಇದ್ದರೆ ಮಾತಿಲ್ಲ.

ಆದರೆ ಅದೇ ಕಾಲದಲ್ಲಿ ಎರಡು ಸಂಗತಿಗಳು ನಡೆದವು. ಮೊದಲನೆಯದು, ಅಪರಿಚಿತರು ಬರೆಯಲು ಕಲಿತರು. ಜೇಬಿನಲ್ಲಿ ಚೀಟಿ ಹಿಡಿದು ತಿರುಗುತ್ತಿದ್ದ ನನಗೆ ಮೊದಲೆಲ್ಲ ಜನ ಒಂದು ಪದ ಗೀಚಿ ಕೈ ತೊಳೆದುಕೊಳ್ಳುತ್ತಿದ್ದರು. ಮಾಸ್ಕ್ ಬಂದ ಮೇಲೆ ಕಿವಿ ಕೇಳುವವರಿಗೂ ಪರಸ್ಪರ ಮಾತು ಸರಿಯಾಗಿ ತಿಳಿಯದಾಗಿ, ಮೊಬೈಲಿನಲ್ಲಿ ಪೂರ್ತಿ ವಾಕ್ಯ ಬರೆದು ತಿರುಗಿಸಿ ತೋರಿಸುವುದು ಸಹಜವಾಯಿತು. ಎರಡನೆಯದು, ಸಭೆಗಳು ವಿಡಿಯೊ ಕರೆಗಳಿಗೆ ಹೋದಾಗ ತೆರೆಯ ಕೆಳಗೆ ಮಾತು ಅಕ್ಷರವಾಗಿ ಮೂಡುವ ಸೌಲಭ್ಯ ಸಾಮಾನ್ಯವಾಗತೊಡಗಿತು. ತಪ್ಪುಗಳಿಂದ ತುಂಬಿರುತ್ತಿತ್ತು, ಕೆಲವೊಮ್ಮೆ ನಗೆ ಬರಿಸುತ್ತಿತ್ತು. ಆದರೂ ಮೇಜಿನ ಸುತ್ತಲಿನ ಸಭೆಯಲ್ಲಿ ಯಾರ ತುಟಿ ಯಾವಾಗ ಅಲುಗಾಡುತ್ತದೆ ಎಂದು ಕತ್ತು ತಿರುಗಿಸುತ್ತಾ ಸೋಲುತ್ತಿದ್ದ ನಾನು, ಎಲ್ಲರ ಮಾತನ್ನೂ ಒಂದೇ ಕಡೆ ಓದುವಂತಾಯಿತು.

ಇದು ಕಷ್ಟದಿಂದ ಬಂದ ಒಳಿತು ಎಂದು, ಅನುಮಾನಿಯವರು ಶಂಕಿಸಿದ ಧಾಟಿಯಲ್ಲೇ, ಸುಲಭವಾಗಿ ಬರೆಯಬಹುದು. ನನಗೆ ಕಂಡ ಸತ್ಯ ಇನ್ನೂ ಸ್ವಲ್ಪ ಖಾರವಾದದ್ದು: ನಾವು ವರ್ಷಗಟ್ಟಲೆ ಕೇಳಿದಾಗ ಕಷ್ಟಸಾಧ್ಯವೆಂದು ಹೇಳಿದ ವ್ಯವಸ್ಥೆಗಳು, ಎಲ್ಲರಿಗೂ ಬೇಕಾದ ಕೂಡಲೇ ಕೆಲವೇ ವಾರಗಳಲ್ಲಿ ಬಂದವು. ಹಾಗಾಗಿ ಈಗ ಯಾರಾದರೂ ಆಗುವುದಿಲ್ಲ ಎಂದರೆ ನಾನು ಮೊದಲಿನಂತೆ ತಲೆತಗ್ಗಿಸಿ ಹಿಂತಿರುಗುವುದಿಲ್ಲ. 2020ರಲ್ಲಿ ಹೇಗೆ ಆಯಿತು ಎಂದು ಬರೆದು ತೋರಿಸುತ್ತೇನೆ.

ಗಾಳಿಬೆಳಕು

ಕಟ್ಟಡಗಳ ಗಾಳಿಯಾಟವನ್ನು ಲೆಕ್ಕಹಾಕುವುದು ನನ್ನ ಉದ್ಯೋಗ. ಸಾಂಕ್ರಾಮಿಕಕ್ಕೆ ಮೊದಲು ಈ ವಿಷಯದ ಮಾತೆತ್ತಿದರೆ ಮನೆಯವರೂ ಆಕಳಿಸುತ್ತಿದ್ದರು.

ಮೊದಲ ತಿಂಗಳುಗಳಲ್ಲಿ ಜನರ ಶಕ್ತಿಯೆಲ್ಲ ಮೇಲ್ಮೈಗಳನ್ನು ಒರೆಸುವುದಕ್ಕೆ ಖರ್ಚಾಯಿತು. ಬಾಗಿಲ ಹಿಡಿ, ತರಕಾರಿ, ಅಂಚೆಯಲ್ಲಿ ಬಂದ ಲಕೋಟೆ ಎಲ್ಲವನ್ನೂ ಒರೆಸಿ, ಅದೇ ಮನೆಯ ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಂಡು ಕುಳಿತವರನ್ನು ನೋಡಿದ್ದೇನೆ. ಈ ರೋಗ ಹೆಚ್ಚಾಗಿ ಹರಡುವುದು ಒಬ್ಬರು ಹೊರಬಿಟ್ಟ ಉಸಿರನ್ನು ಇನ್ನೊಬ್ಬರು ಒಳಗೆಳೆದುಕೊಳ್ಳುವುದರಿಂದ ಎಂಬ ಮಾತು ಮನಸ್ಸಿಗೆ ಇಳಿಯಲು ಬಹಳ ಸಮಯ ಹಿಡಿಯಿತು. ಉಸಿರು ಕಣ್ಣಿಗೆ ಕಾಣದಿರುವುದೇ ಅದಕ್ಕೆ ಕಾರಣ.

ಕಾಣುವಂತೆ ಮಾಡುವ ಒಂದು ಉಪಾಯ ನಮ್ಮ ವೃತ್ತಿಯಲ್ಲಿ ಮೊದಲಿನಿಂದಲೂ ಇತ್ತು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಗಳಲ್ಲಿ 420 ಭಾಗ ಇರುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಅದು ಸುಮಾರು 40,000 ಪಿಪಿಎಂ, ಅಂದರೆ ಶೇ 4ರ ಆಸುಪಾಸು. ಆದ್ದರಿಂದ ಕೋಣೆಯೊಂದರಲ್ಲಿ ಈ ಅಂಕಿ ಏರುತ್ತಿದೆಯೆಂದರೆ, ಅಲ್ಲಿರುವವರು ಒಬ್ಬರ ಉಸಿರನ್ನು ಇನ್ನೊಬ್ಬರು ಹಂಚಿಕೊಳ್ಳುತ್ತಿದ್ದಾರೆ ಎಂದೇ ಅರ್ಥ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮೀಟರನ್ನು ಮುಚ್ಚಿದ ಸಭಾಕೋಣೆಯ ಮೇಜಿನ ಮೇಲಿಟ್ಟು ನೋಡಿ: ಜನ ಬಂದು ಕೂರುತ್ತಿದ್ದಂತೆ ಅಂಕಿ ನಿಧಾನವಾಗಿ ಮೇಲೇರಿ ಸಾವಿರ ದಾಟುತ್ತದೆ, ಮಾತು ಜೋರಾದಂತೆ ಇನ್ನೂ ಏರುತ್ತದೆ. ಎದುರುಬದುರಾದ ಎರಡು ಕಿಟಕಿಗಳನ್ನು ತೆರೆಯಿರಿ, ಅದೇ ಅಂಕಿ ನೋಡನೋಡುತ್ತಲೇ ಇಳಿಯತೊಡಗುತ್ತದೆ. ಒಂದೇ ಕಿಟಕಿ ತೆರೆದರೆ ಇಳಿತ ಬಹಳ ನಿಧಾನ. ಗಾಳಿಗೆ ಬರುವ ದಾರಿಯಷ್ಟೇ ಹೋಗುವ ದಾರಿಯೂ ಬೇಕು.

ಈ ಜ್ಞಾನ ಹೊಸದೇನೂ ಅಲ್ಲ. ರೋಗಿ ಉಸಿರಾಡುವ ಗಾಳಿಯು ಹೊರಗಿನ ಗಾಳಿಯಷ್ಟೇ ಶುದ್ಧವಾಗಿರಬೇಕು, ಆದರೆ ಅವನಿಗೆ ಚಳಿ ಹಿಡಿಯಬಾರದು ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು, ಅದನ್ನು ಶುಶ್ರೂಷೆಯ ಮೊದಲ ನಿಯಮವೆಂದೇ ಇಟ್ಟಿದ್ದರು. ನಾವು ಕಲಿತದ್ದು ಮರೆತದ್ದನ್ನೇ.

ಇನ್ನು ಉಳಿದದ್ದೇನು ಎಂಬ ಪ್ರಶ್ನೆ. ನಮ್ಮ ಕಚೇರಿಯಲ್ಲಿ ಸಭೆ ಆರಂಭಿಸುವವರು ಮೊದಲು ಕಿಟಕಿ ತೆರೆಯಬೇಕೆಂಬ ರೂಢಿ ಉಳಿದಿದೆ. ಅದರಿಂದ ಮಧ್ಯಾಹ್ನದ ಸಭೆಗಳಲ್ಲಿ ತೂಕಡಿಕೆಯೂ ಕಡಿಮೆಯಾಗಿದೆ ಎಂಬುದು ನನ್ನ ಅನುಭವ. ಆದರೆ ನಿಜ ಹೇಳಬೇಕೆಂದರೆ ನನ್ನ ನಿರೀಕ್ಷೆ ಇದಕ್ಕಿಂತ ಬಹಳ ದೊಡ್ಡದಿತ್ತು. ಕುಡಿಯುವ ನೀರನ್ನು ಶುದ್ಧೀಕರಿಸಿ ಮನೆಗೆ ತಲುಪಿಸುವುದು ಸಮಾಜದ ಹೊಣೆ ಎಂದು ಕಾಲರಾದ ನಂತರ ಅನೇಕ ನಗರಗಳು ಒಪ್ಪಿಕೊಂಡಂತೆ, ಒಳಾಂಗಣದ ಗಾಳಿಯ ಹೊಣೆಯನ್ನೂ ಒಪ್ಪಿಕೊಳ್ಳಬಹುದೆಂದು ನಾನು ನಂಬಿದ್ದೆ. ಹಾಗಾಗಲಿಲ್ಲ. ಎಷ್ಟೋ ಹೊಸ ಕಟ್ಟಡಗಳಲ್ಲಿ ತೆರೆಯಲಾಗದ ಗಾಜನ್ನೇ ಕಿಟಕಿಯೆಂದು ಕೂರಿಸುತ್ತಿದ್ದಾರೆ.

ನಾಲ್ಕನೇ ಬೆಂಚು

2020ರ ಏಪ್ರಿಲ್ ಹೊತ್ತಿಗೆ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ಶಾಲೆ ಕಾಲೇಜುಗಳು ಮುಚ್ಚಿದ್ದವೆಂದು ಯುನೆಸ್ಕೊ ಅಂದಾಜಿಸಿತ್ತು. ಶಿಕ್ಷಕನಾಗಿ ನಾನು ಈ ಅಂಕಿಯ ಮುಂದೆ ಯಾವ ಒಳಿತನ್ನೂ ಎತ್ತಿಹಿಡಿಯಲಾರೆ. ಓದಲು ಆಗಷ್ಟೇ ಕಲಿಯುತ್ತಿದ್ದ ಮಕ್ಕಳು ಕಳೆದುಕೊಂಡದ್ದನ್ನು ಇನ್ನೂ ಪೂರ್ತಿ ತುಂಬಿಕೊಂಡಿಲ್ಲ, ಮತ್ತು ಫೋನ್ ಇಲ್ಲದ ಮನೆಯ ಮಕ್ಕಳು ತರಗತಿಯಿಂದಲೇ ಕಣ್ಮರೆಯಾದರು.

ಆದರೂ ಒಂದು ಸಂಗತಿ ನನ್ನ ಬೋಧನೆಯನ್ನು ಬದಲಿಸಿತು. ತರಗತಿಯಲ್ಲಿ ಎಂದೂ ಬಾಯಿ ತೆರೆಯದ, ಪ್ರಶ್ನೆ ಕೇಳಿದರೆ ಮೇಜನ್ನೇ ನೋಡುವ ಕೆಲವು ಮಕ್ಕಳು, ಪಾಠ ತೆರೆಯ ಮೇಲೆ ನಡೆಯತೊಡಗಿದಾಗ ಸಂದೇಶಗಳಲ್ಲಿ ಪುಟಗಟ್ಟಲೆ ಬರೆಯತೊಡಗಿದರು. ಸರಿಯಾದ ಪ್ರಶ್ನೆಗಳು, ಒಳ್ಳೆಯ ಪ್ರಶ್ನೆಗಳು. ಅವರಿಗೆ ಪಾಠ ತಿಳಿಯುತ್ತಿಲ್ಲವೆಂದು ಅಷ್ಟು ಕಾಲ ಅಂಕಪಟ್ಟಿ ಹೇಳುತ್ತಿತ್ತು. ತಿಳಿಯದೆ ಇದ್ದದ್ದು ನಾಲ್ವರ ಎದುರು ಎದ್ದು ನಿಂತು ಮಾತನಾಡುವುದು ಮಾತ್ರ. ಶಾಲೆ ಮತ್ತೆ ತೆರೆದಾಗ ನಾನು ಪ್ರತಿ ಪಾಠದ ಕೊನೆಯಲ್ಲಿ ಮಕ್ಕಳಿಗೆ ಒಂದೊಂದು ಚೀಟಿ ಕೊಡಲಾರಂಭಿಸಿದೆ. ಅರ್ಥವಾಗದ ಒಂದು ವಿಷಯವನ್ನು ಹೆಸರಿಲ್ಲದೆ ಬರೆದು ಪೆಟ್ಟಿಗೆಗೆ ಹಾಕಿ ಹೋಗಬೇಕು, ಮರುದಿನದ ಪಾಠ ಆ ಚೀಟಿಗಳಿಂದಲೇ ಶುರುವಾಗುತ್ತದೆ. ಅಕ್ಷರ ನೋಡಿದರೆ ಬರೆದವರು ಯಾರೆಂದು ನನಗೆ ತಿಳಿದೇ ತಿಳಿಯುತ್ತದೆ. ಅದು ನನಗೆ ತಿಳಿಯುತ್ತದೆಂಬುದು ಅವರಿಗೂ ಗೊತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಮಗಳು

ಇಲ್ಲಿಯವರೆಗಿನ ಉತ್ತರಗಳನ್ನು ಓದಿದೆ. ನನ್ನ ತಂದೆ 2021ರಲ್ಲಿ ಈ ಕಾಯಿಲೆಯಿಂದ ಹೋದರು. 2020 ಮತ್ತು 2021ರಲ್ಲಿ ಈ ಸಾಂಕ್ರಾಮಿಕದಿಂದ ನೇರವಾಗಿಯೋ ಪರೋಕ್ಷವಾಗಿಯೋ ಸಂಭವಿಸಿದ ಹೆಚ್ಚುವರಿ ಸಾವುಗಳು 1.49 ಕೋಟಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಷ್ಟೂ ಮನೆಗಳಲ್ಲಿ ಯಾರೋ ಒಬ್ಬರು ಬಂದು 'ಎಲ್ಲದರಲ್ಲೂ ಒಂದು ಒಳಿತಿರುತ್ತದೆ' ಎಂದು ಹೇಳಿರುತ್ತಾರೆ. ದಯವಿಟ್ಟು ಹೇಳಬೇಡಿ ಎಂದು ಕೇಳಿಕೊಳ್ಳಲು ಬಂದಿದ್ದೆ. ಇಲ್ಲಿ ಯಾರೂ ಹಾಗೆ ಹೇಳಿಲ್ಲವಾದ್ದರಿಂದ ನನ್ನ ಪಾಲಿನದನ್ನೂ ಬರೆಯುತ್ತೇನೆ.

ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದಾಗ ಅವರು ದಿನವೂ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಹೆಸರು ನಮಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬ್ಯಾಂಕಿನ ಕಾಗದ ಎಲ್ಲಿದೆ, ವಿಮೆಯಲ್ಲಿ ಯಾರ ಹೆಸರಿದೆ, ಫೋನಿನ ಬೀಗ ತೆರೆಯುವುದು ಹೇಗೆ, ಯಾವುದೂ ತಿಳಿಯದು. ಅದಕ್ಕಿಂತ ಮುಖ್ಯವಾಗಿ, ಉಸಿರಾಟದ ಯಂತ್ರಕ್ಕೆ ಹಾಕಬೇಕೇ ಎಂದು ವೈದ್ಯರು ಫೋನಿನಲ್ಲಿ ಕೇಳಿದಾಗ, ಅಪ್ಪನಿಗೆ ಏನು ಬೇಕಾಗಿತ್ತು ಎಂಬುದನ್ನು ನಾವು ಎಂದೂ ಕೇಳಿರಲಿಲ್ಲ. ಅಂಥ ಮಾತು ಅಪಶಕುನವೆಂದು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಈಗ ಅಮ್ಮ ಮತ್ತು ನಾನು ವರ್ಷಕ್ಕೊಮ್ಮೆ ಕುಳಿತು ಒಂದೇ ಹಾಳೆಯನ್ನು ತುಂಬುತ್ತೇವೆ. ಇಬ್ಬರ ರಕ್ತದ ಗುಂಪು, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಅಲರ್ಜಿ, ಕಾಗದಪತ್ರಗಳಿರುವ ಜಾಗ, ಮೊದಲು ಕರೆಮಾಡಬೇಕಾದ ಸಂಖ್ಯೆಗಳು, ಮತ್ತು ಕೊನೆಯಲ್ಲಿ, ಮಾತನಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಏನು ಮಾಡಬೇಕು ಎಂಬ ಸಾಲು. ಮೊದಲ ಬಾರಿ ಆ ಸಾಲಿಗೆ ಬಂದಾಗ ಅಮ್ಮ ಎದ್ದು ಒಳಗೆ ಹೋದರು. ಈಗ ಅವರೇ ನನಗಿಂತ ಮೊದಲು ಪೆನ್ನು ಹಿಡಿಯುತ್ತಾರೆ, ಕಳೆದ ವರ್ಷ ಬರೆದದ್ದನ್ನು ಹೊಡೆದುಹಾಕಿ ತಿದ್ದುತ್ತಾರೆ, ನನ್ನದನ್ನು ನೋಡಿ ಇಷ್ಟು ಚಿಕ್ಕ ವಯಸ್ಸಿಗೆ ಇದೇನು ಬರೆದಿದ್ದೀ ಎಂದು ಬೈಯುತ್ತಾರೆ.

ಇದನ್ನು ಪಾಠವೆನ್ನಿ, ಬೇರೇನಾದರೂ ಎನ್ನಿ. ಅಪ್ಪನ ಸಾವಿಗೆ ಪ್ರತಿಯಾಗಿ ಸಿಕ್ಕಿದ್ದು ಎಂದು ಮಾತ್ರ ದಯವಿಟ್ಟು ಎಣಿಸಬೇಡಿ.

ಹಳೆಯ ಓದುಗ

ಮಗಳು ಅವರೇ, ನೀವು ಬರೆದದ್ದಕ್ಕೆ ಕೃತಜ್ಞತೆ ಹೇಳುವುದೂ ಹಗುರವೆನಿಸುತ್ತದೆ. ನಿಮ್ಮ ಹಾಳೆಯ ವಿವರಗಳನ್ನು ನಾನು ಬರೆದಿಟ್ಟುಕೊಂಡಿದ್ದೇನೆ; ಈ ವಾರವೇ ನಮ್ಮ ಮನೆಯಲ್ಲಿ ಒಂದನ್ನು ತುಂಬಿಸುವುದೆಂದು ನಿಶ್ಚಯಿಸಿದ್ದೇನೆ.

ಚರ್ಚೆಯ ಶೀರ್ಷಿಕೆಯ ಬಗ್ಗೆ ಅನುಮಾನಿಯವರು ಎತ್ತಿದ ಆಕ್ಷೇಪಕ್ಕೆ ಇಷ್ಟು ಹೇಳಬಹುದು. ಒಬ್ಬರು ತಮ್ಮ ಅನುಭವದಿಂದ ತಾವೇ ಎತ್ತಿಕೊಂಡದ್ದನ್ನು ಹೇಳುವುದಕ್ಕೂ, ಇನ್ನೊಬ್ಬರ ಸಂಕಟದೊಳಗೆ ಕೈಹಾಕಿ ಅಲ್ಲೊಂದು ಒಳಿತನ್ನು ಹೆಕ್ಕಿಕೊಡುವುದಕ್ಕೂ ಅಜಗಜಾಂತರವಿದೆ. ಮೊದಲನೆಯದಕ್ಕಷ್ಟೇ ಇಲ್ಲಿ ಜಾಗವಿರಲಿ.

ಹಕ್ಕಿನೋಟ

ಪ್ರಕೃತಿಯ ವಿಷಯವನ್ನು ಯಾರೂ ಎತ್ತದಿರುವುದು ಸೋಜಿಗ, ಏಕೆಂದರೆ ಆಗ ಎಲ್ಲರ ಬಾಯಲ್ಲೂ ಅದೇ ಇತ್ತು. ಆಕಾಶ ತಿಳಿಯಾಯಿತು, ನದಿ ಶುಭ್ರವಾಯಿತು, ಭೂಮಿ ಉಸಿರಾಡಿತು ಎಂಬ ಮಾತುಗಳಲ್ಲಿ ನಿಜವೂ ಇತ್ತು, ಅತಿಶಯವೂ ಇತ್ತು. ಇಂಧನ ಸುಡುವುದರಿಂದ ಬರುವ ಇಂಗಾಲದ ಹೊರಸೂಸುವಿಕೆ 2020ರಲ್ಲಿ ಜಾಗತಿಕವಾಗಿ ಸುಮಾರು ಶೇ 5ರಷ್ಟು ಇಳಿಯಿತು, 2021ರಲ್ಲಿ ಬಹುಪಾಲು ಮರಳಿ ಏರಿತು. ಜಗತ್ತೇ ಬೀಗ ಹಾಕಿಕೊಂಡರೂ ಇಳಿದದ್ದು ಇಷ್ಟೇ ಎಂಬುದು ಹವಾಮಾನದ ಬಗ್ಗೆ ಕೆಲಸ ಮಾಡುವವರಿಗೆ ಸಮಾಧಾನದ ಸುದ್ದಿಯೇನೂ ಆಗಿರಲಿಲ್ಲ. ಮನುಷ್ಯರೇ ವೈರಸ್ ಎಂಬ ಘೋಷಣೆಯಂತೂ ಹೇಸಿಗೆ ಹುಟ್ಟಿಸುವಂಥದು.

ಆದರೆ ಸದ್ದಿನ ವಿಷಯ ಬೇರೆ. ಭೂಕಂಪಮಾಪಕಗಳು ನಮ್ಮ ಓಡಾಟ ಮತ್ತು ಯಂತ್ರಗಳಿಂದ ನೆಲದಲ್ಲಿ ಉಂಟಾಗುವ ಕಂಪನವನ್ನೂ ದಾಖಲಿಸುತ್ತವೆ. 2020ರ ಮಾರ್ಚ್‌ನಿಂದ ಮೇವರೆಗೆ ಆ ಕಂಪನ ಜಗತ್ತಿನ ಅನೇಕ ಕಡೆ ಶೇ 50ರವರೆಗೆ ತಗ್ಗಿತ್ತು. ಅದೇ ವಸಂತದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಬಿಳಿನೆತ್ತಿಯ ಗುಬ್ಬಿಗಳ ಹಾಡನ್ನು ಅಧ್ಯಯನ ಮಾಡಿದವರು, ವಾಹನಗಳ ಗದ್ದಲ ತಗ್ಗಿದಾಗ ಆ ಹಕ್ಕಿಗಳು ಮೊದಲಿಗಿಂತ ಮೆಲ್ಲಗೆ ಹಾಡಿದವು, ಆದರೂ ಅವುಗಳ ಹಾಡು ಹೆಚ್ಚು ದೂರ ತಲುಪಿತು ಎಂದು ಕಂಡುಕೊಂಡರು. ಅಲ್ಲಿಯವರೆಗೆ ಅವು ನಮ್ಮ ಗದ್ದಲದ ಮೇಲೆ ಕಿರುಚಿ ಹಾಡುತ್ತಿದ್ದವು ಎಂದಾಯಿತಲ್ಲವೇ?

ನನ್ನಲ್ಲಿ ಉಳಿದದ್ದು ಬೆಳಗಿನ ಒಂದು ರೂಢಿ. ಕಿವಿಗೆ ಏನನ್ನೂ ತುರುಕಿಕೊಳ್ಳದೆ ನಡೆಯುತ್ತೇನೆ, ಕೇಳಿಸಿದ ಹಕ್ಕಿಗಳನ್ನು ಬರೆದಿಡುತ್ತೇನೆ. ಗದ್ದಲ ಮರಳಿದೆ, ಪಟ್ಟಿ ಚಿಕ್ಕದಾಗಿದೆ. ಆದರೂ ಯಾವುದು ಕಾಣೆಯಾಗಿದೆ ಎಂಬುದಾದರೂ ಈಗ ನನಗೆ ಗೊತ್ತಾಗುತ್ತದೆ.

ಪ್ರಯೋಗಶಾಲೆ

ಚಿಕ್ಕದೊಂದು ಸೇರ್ಪಡೆ. ಸಾಮಾನ್ಯ ಜನರು ವಿಜ್ಞಾನವನ್ನು ಅದರ ಅಡುಗೆಮನೆಯಲ್ಲೇ ನಿಂತು ನೋಡಿದ್ದು ಆಗ. ಸಾರ್ವಜನಿಕರೆಲ್ಲರೂ ಮಾಸ್ಕ್ ಧರಿಸಬೇಕೆಂದು ಆರಂಭದಲ್ಲಿ ಹೇಳದಿದ್ದ ವಿಶ್ವ ಆರೋಗ್ಯ ಸಂಸ್ಥೆಯು 2020ರ ಜೂನ್‌ನಲ್ಲಿ ತನ್ನ ಸಲಹೆಯನ್ನು ಬದಲಿಸಿತು. ಅನೇಕರು ಇದನ್ನು ಮೋಸವೆಂದರು. ಪುರಾವೆ ಬದಲಾದಾಗ ಸಲಹೆಯೂ ಬದಲಾಗಬೇಕೆಂಬುದನ್ನು ಇನ್ನು ಕೆಲವರು ಕಲಿತರು. ಲಸಿಕೆಯ ವೇಗವೂ ಹಾಗೆಯೇ. 2020ರ ಜನವರಿಯಲ್ಲಿ ವೈರಸ್ಸಿನ ಜೀನೋಮ್ (ಆನುವಂಶಿಕ ನಕ್ಷೆ) ಪ್ರಕಟವಾಗಿ ಅದೇ ಡಿಸೆಂಬರಿನಲ್ಲಿ ಲಸಿಕೆ ಜನರ ತೋಳಿಗೆ ತಲುಪಿದ್ದನ್ನು ಅವಸರವೆಂದು ದೂರಿದವರು, ಕಟಲಿನ್ ಕರಿಕೊ ಮತ್ತು ಡ್ರ್ಯೂ ವೈಸ್‌ಮನ್ ಅವರಿಗೆ 2023ರಲ್ಲಿ ನೊಬೆಲ್ ತಂದುಕೊಟ್ಟ, ಆ ಲಸಿಕೆಗಳಲ್ಲಿ ಕೆಲವಕ್ಕೆ ಆಧಾರವಾದ ಎಂಆರ್‌ಎನ್‌ಎ ಸಂಶೋಧನೆಯ ಹಿಂದೆ ದಶಕಗಳ ದುಡಿಮೆಯಿತ್ತೆಂಬುದನ್ನು ಗಮನಿಸಲಿಲ್ಲ.

ನಾನು ಈಗ ಮನೆಯಲ್ಲೂ 'ಇಷ್ಟರವರೆಗೆ ತಿಳಿದಿರುವುದು ಇದು' ಎಂದು ಮಾತು ಆರಂಭಿಸುತ್ತೇನೆ. ಜಗಳಗಳ ಸಂಖ್ಯೆ ಕಡಿಮೆಯಾಗಿಲ್ಲ, ಅವುಗಳ ಅವಧಿ ಮಾತ್ರ ಕಡಿಮೆಯಾಗಿದೆ.

ಅನುಮಾನಿ

ಪ್ರಯೋಗಶಾಲೆಯವರ ಮಾತಿಗೆ ಒಂದು ತಕರಾರು: ಪುರಾವೆ ಬದಲಾಯಿತೆಂಬುದು ಪೂರ್ತಿ ನಿಜವಲ್ಲ. ಆಗ ಮಾಸ್ಕುಗಳ ಕೊರತೆಯಿತ್ತು, ಆಸ್ಪತ್ರೆಯವರಿಗೆ ಉಳಿಯಲಿ ಎಂಬ ಕಾಳಜಿಯೂ ಆ ಸಲಹೆಯೊಳಗೆ ಬೆರೆತಿತ್ತು. ಅದನ್ನು ಹಾಗೆಯೇ ನೇರವಾಗಿ ಹೇಳಿದ್ದರೆ ಜನ ಅರ್ಥಮಾಡಿಕೊಳ್ಳುತ್ತಿದ್ದರು. ಜನರನ್ನು ನಂಬಿ ಪೂರ್ತಿ ವಿಷಯ ಹೇಳುವುದೂ ಕಲಿಯಬೇಕಾದದ್ದೇ, ಮತ್ತು ಅದನ್ನು ಕಲಿಯಬೇಕಾದವರು ನಾವಲ್ಲ.

ಪ್ರಯೋಗಶಾಲೆ

ಒಪ್ಪಿದೆ. ಎರಡೂ ಕಾರಣಗಳಿದ್ದವು.

ರಾತ್ರಿಪಾಳಿ

ಗಾಳಿಬೆಳಕು ಅವರಿಗೆ ಒಂದು ಪ್ರಶ್ನೆ, ಇದು ಈಗಿನ ಉಪಯೋಗಕ್ಕೆ. ಜ್ವರ, ಕೆಮ್ಮು ಇರುವವರನ್ನು ಮನೆಯಲ್ಲೇ ನೋಡಿಕೊಳ್ಳುವವರು ಕಿಟಕಿ ತೆರೆಯಬೇಕೇ, ಬಾಗಿಲು ತೆರೆಯಬೇಕೇ, ಫ್ಯಾನ್ ಹಾಕಬೇಕೇ ಎಂದು ನನ್ನನ್ನು ಕೇಳುತ್ತಲೇ ಇರುತ್ತಾರೆ. ಎಲ್ಲವನ್ನೂ ತೆರೆಯಿರಿ ಎಂದರೆ ಸರಿಯಾದೀತೇ?

ಗಾಳಿಬೆಳಕು

ಎಲ್ಲವನ್ನೂ ತೆರೆಯುವುದು ಸರಿಯಲ್ಲ. ರೋಗಿಯ ಕೋಣೆಯಿಂದ ಗಾಳಿ ಹೊರಗೆ ಹೋಗಬೇಕು, ಮನೆಯ ಉಳಿದ ಕೋಣೆಗಳಿಗೆ ಹೋಗಬಾರದು. ಈ ಒಂದು ದಿಕ್ಕನ್ನು ನೆನಪಿಟ್ಟುಕೊಂಡರೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ರೋಗಿಯ ಕೋಣೆಯ ಕಿಟಕಿ ತೆರೆದಿರಲಿ, ಒಳಬಾಗಿಲು ಮುಚ್ಚಿರಲಿ. ಕೋಣೆಗೆ ಹೊಂದಿಕೊಂಡ ಸ್ನಾನದಮನೆಯಲ್ಲಿ ಗಾಳಿಯನ್ನು ಹೊರದಬ್ಬುವ ಫ್ಯಾನ್ ಇದ್ದರೆ ಅದನ್ನು ಓಡಿಸಿ, ಅದು ಕೋಣೆಯ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಮೇಜಿನ ಫ್ಯಾನ್ ಮಾತ್ರವಿದ್ದರೆ ಅದನ್ನು ಕಿಟಕಿಯ ಬಳಿ ಹೊರಮುಖವಾಗಿ ಇಡಬಹುದು. ಸೀಲಿಂಗ್ ಫ್ಯಾನ್ ಗಾಳಿಯನ್ನು ಅಲ್ಲಲ್ಲೇ ತಿರುಗಿಸುತ್ತದೆಯಷ್ಟೇ, ಕಿಟಕಿ ಮುಚ್ಚಿದ್ದಾಗ ಅದನ್ನು ನೆಚ್ಚಿಕೊಳ್ಳಬೇಡಿ.

ಗಾಳಿ ಯಾವ ಕಡೆ ಹೋಗುತ್ತಿದೆಯೆಂಬ ಸಂದೇಹ ಬಂದರೆ, ತೆಳುವಾದ ಕಾಗದದ ಒಂದು ಪಟ್ಟಿಯನ್ನು ಒಳಬಾಗಿಲಿನ ಕೆಳಗಿನ ಸಂದಿಯ ಹತ್ತಿರ ಹಿಡಿದು ನೋಡಿ. ಅದು ರೋಗಿಯ ಕೋಣೆಯ ಕಡೆಗೆ ಬಾಗಿದರೆ ಸರಿಯಾಗಿದೆ. ನಿಮ್ಮ ಕಡೆಗೆ ಬಾಗಿದರೆ ಫ್ಯಾನಿನ ಜಾಗವನ್ನೋ ಮನೆಯ ಇನ್ನೊಂದು ಕಿಟಕಿಯನ್ನೋ ಬದಲಿಸಬೇಕು. ಚಳಿ ಹೆಚ್ಚಿದ್ದಾಗ ಕಿಟಕಿಯನ್ನು ಇಡೀ ದಿನ ತೆರೆದಿಡುವ ಬದಲು ಆಗಾಗ ಕೆಲವು ನಿಮಿಷ ಪೂರ್ತಿಯಾಗಿ ತೆರೆದು ಮುಚ್ಚಿ, ರೋಗಿಗೆ ಹೊದಿಕೆ ಹೊದಿಸಿ. ಒಳಗೆ ಹೋಗುವವರು ಮಾಸ್ಕ್ ಧರಿಸುವುದನ್ನು ಬಿಡಬಾರದು, ಕಿಟಕಿ ತೆರೆದಿದ್ದರೂ.